ಬುಗುರಿಯ ಅಪ್ಪ

ಮಾರುಕಟ್ಟೆ ಬೀದಿಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಸಲೂನ್. ಎರಡು ಕುರ್ಚಿ, ಎದುರುಬದುರು ಕನ್ನಡಿ, ಕಾಯುವವರಿಗೊಂದು ಬೆಂಚು. ಮಾಲೀಕನೂ ಕೆಲಸಗಾರನೂ ಒಬ್ಬನೇ. ಕೈ ಎಷ್ಟು ಹಗುರವೋ ಬಾಯಿ ಅಷ್ಟೇ ಧಾರಾಳ. ಅವನಿಗೆ ಒಬ್ಬಳೇ ಮಗಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಬುಗುರಿ ಅಂತಲೇ ಹೆಸರು.

ಬುಗುರಿಗೆ ಎಲ್ಲವೂ ಬೇಕು, ಯಾವುದೂ ಪೂರ್ತಿ ಬೇಡ. ಚಿತ್ರ ಬಿಡಿಸಲು ಕೂತರೆ ಬಣ್ಣ ಒಣಗುವ ಮೊದಲೇ ಎದ್ದು ಓಡುತ್ತಿದ್ದಳು. ಕೊಳಲು ಬೇಕೆಂದು ಅಮ್ಮನನ್ನು ಗೋಳುಹೊಯ್ದುಕೊಂಡಳು. ತಂದುಕೊಟ್ಟ ಮೇಲೆ ಅದು ಬೆಕ್ಕನ್ನು ಓಡಿಸುವುದಕ್ಕೆ ಮಾತ್ರ ಬಳಕೆಯಾಯಿತು.

"ನಿಮ್ಮ ಮಗಳಲ್ವೇನ್ರೀ, ತಾಳ್ಮೆ ಎಲ್ಲಿಂದ ಬರಬೇಕು?" ಎಂದು ಹೆಂಡತಿ ನಗುತ್ತಿದ್ದಳು. ಅವಳಿಗೆ ಬೇಕರಿಯೊಂದರಲ್ಲಿ ಕೆಲಸ. ಮನೆಗೆ ಬಂದರೂ ಸೀರೆಯಿಂದ ಬ್ರೆಡ್ಡಿನ ವಾಸನೆ ಹೋಗುತ್ತಿರಲಿಲ್ಲ.

ತಮಾಷೆಯ ಮಾತೇ ಆದರೂ ಅವನಿಗೆ ಎಲ್ಲೋ ನಾಟುತ್ತಿತ್ತು. ಅವನೂ ಓದನ್ನು ಅರ್ಧಕ್ಕೆ ಬಿಟ್ಟವನು, ಈಜು ಕಲಿಯಲು ಹೋಗಿ ಸೊಂಟಮಟ್ಟದ ನೀರಿನಿಂದಲೇ ವಾಪಸು ಬಂದವನು. ಮಗಳು ತನ್ನಂತಾಗಬಾರದು ಎಂಬುದೊಂದು ಹಟ ಅವನೊಳಗೆ ಕೂತಿತ್ತು.

ಶಾಲೆಯ ಆಟದ ಮೇಷ್ಟ್ರು ಒಮ್ಮೆ ಕ್ಷೌರಕ್ಕೆ ಬಂದವರು ಅಂದರು: "ನಿಮ್ಮ ಹುಡುಗಿ ಚೆನ್ನಾಗಿ ಓಡ್ತಾಳೆ. ಆದ್ರೆ ಅರ್ಧ ದಾರಿಗೇ ಮನಸ್ಸು ಬಿಟ್ಟುಬಿಡ್ತಾಳೆ. ಕಾಲಿಗೆ ನಾನು ಪಾಠ ಹೇಳ್ತೀನಿ, ಮನಸ್ಸಿಗೆ ನೀವು ಹೇಳಿ."

ಮರುದಿನದಿಂದಲೇ ಅಂಗಡಿ ತೆರೆಯುವ ಮೊದಲು ಅಪ್ಪ ಮಗಳು ಶಾಲೆಯ ಹಿಂದಿನ ರಸ್ತೆಗೆ ಇಳಿದರು. ಉದ್ದಕ್ಕೂ ದೀಪದ ಕಂಬಗಳಿದ್ದ ರಸ್ತೆ. ಅವಳ ಕಾಲಲ್ಲಿ ಹೊಸ ಬೂಟು, ಅವನ ಕಾಲಲ್ಲಿ ಹಳೇ ಚಪ್ಪಲಿ. ಸ್ವಲ್ಪ ದೂರಕ್ಕೇ ಅವಳು, "ಅಪ್ಪಾ, ಆಗಲ್ಲ" ಅನ್ನುತ್ತಿದ್ದಳು.

"ಆಗಲ್ಲ ಅಂದ್ರೆ ನಿಲ್ಲಿಸೋಣ ಬಿಡು. ಆದ್ರೆ ಆ ಕಂಬದ ಹತ್ರ ನಿಲ್ಲಿಸೋಣ."

ಕಂಬ ಬಂದರೆ, "ಇನ್ನೊಂದು ಕಂಬ, ಅಷ್ಟೇ."

"ನೀನು ಮೋಸಗಾರ!" ಎಂದು ಅವಳು ನಗುತ್ತ ಓಡುವಳು. ಏದುಸಿರು ಬಿಡುತ್ತ, ಹೊಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದವನು ಅಪ್ಪನೇ.

ಹೀಗೇ ಅವಳಿಗೆ ಛಲ ಬಂತು. ಮೊದಲ ಸ್ಪರ್ಧೆಯಲ್ಲಿ ಅವಳ ಹಿಂದೆ ಇದ್ದದ್ದು ಒಬ್ಬಳೇ ಹುಡುಗಿ. ಆದರೂ ಗೆರೆ ದಾಟಿ ನೇರ ಅಪ್ಪ ನಿಂತಿದ್ದ ಬೇಲಿಯ ಹತ್ತಿರ ಬಂದು, "ನಾನು ನಿಲ್ಲಲಿಲ್ಲ, ನೋಡಿದ್ಯಾ ಅಪ್ಪಾ?" ಎಂದಳು. ಅವನು ಬೇಲಿಯ ಮೇಲಿಂದ ಬಗ್ಗಿ ಅವಳನ್ನು ಎತ್ತಿಕೊಂಡ. ಗೆದ್ದಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲವೇನೋ. ಬರಬರುತ್ತಾ ಮನೆಯಲ್ಲೂ ಅವಳು ಬೇರೆಯೇ ಆದಳು. ಬಾರದ ಲೆಕ್ಕವನ್ನು ಅಳಿಸಿ ಅಳಿಸಿ ಮಾಡುವಳು. ಸಿಕ್ಕಾದ ನೂಲಿನುಂಡೆಯನ್ನು ಸಿಟ್ಟಾಗದೆ ಬಿಡಿಸುವಳು.

ಸಲೂನಿಗೆ ಬಂದವರಿಗೆಲ್ಲ ಇದೇ ಕಥೆ. ಕತ್ತರಿ ಗಾಳಿಯಲ್ಲೇ ನಿಂತಿರುತ್ತಿತ್ತು, ಬಾಯಿ ಓಡುತ್ತಿತ್ತು. ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜನಂತೂ, "ಮೊದ್ಲು ಕಿವಿ ಬಿಟ್ಟು ಉಳಿದದ್ದು ಕತ್ತರಿಸಪ್ಪಾ, ಆಮೇಲೆ ಮಗಳನ್ನ ಓಡಿಸುವಿಯಂತೆ" ಅನ್ನುತ್ತಿದ್ದ.

ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಬುಗುರಿ ರಸ್ತೆಯ ಮಧ್ಯೆ ನಿಂತಳು. "ಅಪ್ಪಾ, ಮಂಡಿ ಹತ್ರ ನೋಯ್ತಿದೆ."

ಅವನು ಬಗ್ಗಿ ಒತ್ತಿ ನೋಡಿದ. ಏನೂ ಕಾಣಲಿಲ್ಲ. "ಬೆಳೆಯೋ ಮಕ್ಕಳಿಗೆ ಇದೆಲ್ಲ ಇದ್ದದ್ದೇ. ಮತ್ತೆ ನೆಪ ಹುಡುಕೋಕೆ ಶುರು ಮಾಡಿದ್ಯಾ?" ಎಂದ. ನಗುತ್ತಲೇ ಅಂದ ಮಾತು.

ಅವಳ ಮುಖ ಸಣ್ಣದಾಯಿತು. "ಇಲ್ಲಪ್ಪಾ, ನೆಪ ಅಲ್ಲ" ಎಂದು ಓಡತೊಡಗಿದಳು. ಆಮೇಲೆ ಅವನ ಮುಂದೆ ನೋವಿನ ಸುದ್ದಿಯನ್ನೇ ಎತ್ತಲಿಲ್ಲ.

ಶಾಲೆಗಳ ನಡುವಿನ ಸ್ಪರ್ಧೆಯ ದಿನ ಅಂಗಡಿಗೆ ಬೀಗ ಹಾಕಿ ಅವನು ಮೈದಾನಕ್ಕೆ ಹೋದ. ಬುಗುರಿ ಮುಂದಿನ ಗುಂಪಿನಲ್ಲೇ ಇದ್ದಳು. ಕೊನೆಯ ತಿರುವು ದಾಟುತ್ತಿದ್ದಂತೆ ಕಾಲು ಮಡಚಿ ಕುಸಿದಳು. ಯಾರೂ ತಳ್ಳಿರಲಿಲ್ಲ, ಏನನ್ನೂ ಎಡವಿರಲಿಲ್ಲ.

"ಏಳು ಬುಗುರಿ! ಏಳು ಮಗಳೇ!" ಬೇಲಿ ಹಿಡಿದುಕೊಂಡು ಅವನು ಕೂಗಿದ. "ಇಷ್ಟೇ ಉಳಿದಿರೋದು, ಏಳು!"

ಅವಳು ಅಪ್ಪನ ದನಿ ಬಂದ ಕಡೆ ತಿರುಗಿದಳು. ಕೈ ಊರಿ ಎದ್ದಳು. ಬಿದ್ದಳು. ಮತ್ತೆ ಏಳಲು ನೋಡಿದಳು. ಅಷ್ಟರಲ್ಲಿ ಮೇಷ್ಟ್ರು ಓಡಿಹೋಗಿ ಅವಳನ್ನು ತಬ್ಬಿ ಹಿಡಿದು, ಬೇಲಿಯ ಕಡೆ ತಿರುಗಿ, "ಸಾಕು ಸುಮ್ನಿರ್ರೀ!" ಎಂದು ಅರಚಿದರು. ಕಾಲು ಯಾವ ಕಡೆ ತಿರುಗಬಾರದೋ ಆ ಕಡೆ ತಿರುಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಂಚದ ಪಕ್ಕ ಕೂತು, "ಎಷ್ಟು ದಿನದಿಂದ ನೋಯ್ತಿತ್ತು ಪುಟ್ಟಾ?" ಎಂದು ಕೇಳಿದರು. ಬುಗುರಿ ಅಪ್ಪನ ಮುಖ ನೋಡಿದಳು. "ಜಾಸ್ತಿ ಏನಿಲ್ಲ, ನಿನ್ನೆಯಿಂದ" ಎಂದಳು. ಮಗಳು ತನ್ನನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

ಹೊರಗೆ ಕರೆದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೂಳೆಯಲ್ಲಿ ಕ್ಯಾನ್ಸರ್ ಗೆಡ್ಡೆ. ಅದು ಒಳಗೊಳಗೇ ಮೂಳೆಯನ್ನು ತಿಂದಿತ್ತು, ಅದಕ್ಕೇ ಮುರಿದದ್ದು.

"ಮೊದಲೇ ಕರಕೊಂಡು ಬಂದಿದ್ರೆ?"

"ಉಪಯೋಗ ಆಗ್ತಿತ್ತೋ ಇಲ್ವೋ, ಈಗ ಯಾರೂ ಹೇಳೋಕಾಗಲ್ಲ."

ಆಗುತ್ತಿತ್ತು ಅಂದಿದ್ದರೆ ತಲೆ ಚಚ್ಚಿಕೊಳ್ಳಬಹುದಿತ್ತು. ಆಗುತ್ತಿರಲಿಲ್ಲ ಅಂದಿದ್ದರೆ ಉಸಿರಾಡಬಹುದಿತ್ತು. ಅವನಿಗೆ ಎರಡೂ ಸಿಗಲಿಲ್ಲ.

ಔಷಧಿ ಶುರುವಾದ ಮೇಲೆ ದಿಂಬಿನ ತುಂಬ ಕೂದಲು. ಉಳಿದದ್ದನ್ನು ತೆಗೆಯಲು ಅವನೇ ಮಷಿನ್ ತಂದ. ಹೆಗಲಿಗೆ ಬಟ್ಟೆ ಹೊದಿಸಿ ಕೆಲಸ ಶುರು ಮಾಡಿದ, ಮಾತೇ ಹೊರಡಲಿಲ್ಲ.

"ಅಪ್ಪಾ, ಗಿರಾಕಿಗಳ ಹತ್ರ ಮಾತಾಡೋ ಹಾಗೆ ಮಾತಾಡು" ಎಂದಳು.

"ಹೇಗೆ ಮಾಡಲಿ ಮೇಡಮ್?"

"ಕಿವಿ ಬಿಟ್ಟು ಉಳಿದದ್ದೆಲ್ಲ ತೆಗೀರಿ."

ಬಾಗಿಲಲ್ಲಿ ನಿಂತಿದ್ದ ನರ್ಸ್ ನಕ್ಕಳು. ಅವನೂ ನಕ್ಕ. ಆ ನೆತ್ತಿ ಆಗಷ್ಟೇ ಹುಟ್ಟಿದ ಮಗುವಿನ ನೆತ್ತಿಯಂತೆ ಮೆತ್ತಗಿತ್ತು. ಕೆಲಸ ಮುಗಿಸಿ ಬಟ್ಟೆ ಕೊಡವುವ ನೆಪದಲ್ಲಿ ಬಚ್ಚಲಿಗೆ ಹೋದವನು ನಲ್ಲಿ ಬಿಟ್ಟು ಅತ್ತ.

ಮುರಿದಿದ್ದ ಕಾಲನ್ನು ಕತ್ತರಿಸಿ ತೆಗೆದರು. ಆದರೂ ರೋಗ ಶ್ವಾಸಕೋಶಕ್ಕೆ ಏರಿತು. ಇನ್ನೊಂದು ಬಗೆಯ ಔಷಧಿ ಇದೆ, ಕೊಟ್ಟು ನೋಡಬಹುದು, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರಮ್ಮ. ಅವನು ಕೊಡಿಸಿಯೇ ತೀರುತ್ತೇನೆಂದು ಹೊರಟ. ಅವತ್ತು ಮಧ್ಯಾಹ್ನ ಬುಗುರಿ ಅವನ ಬೆರಳು ಹಿಡಿದುಕೊಂಡು ಕೇಳಿದಳು:

"ಅಪ್ಪಾ, ನಾನು ಇಲ್ಲಿಗೇ ನಿಲ್ಲಿಸಿದ್ರೆ ನಿಂಗೆ ಬೇಜಾರಾಗುತ್ತಾ?"

ಇನ್ನೂ ಸ್ವಲ್ಪ ತಡ್ಕೋ ಮಗಳೇ ಎಂಬ ಮಾತು ತುಟಿಯವರೆಗೆ ಬಂತು. ಅದನ್ನು ನುಂಗಿಕೊಂಡು ಅವಳ ಹೊದಿಕೆ ಸರಿಪಡಿಸಿದ.

"ಇಲ್ಲಮ್ಮ. ಎಷ್ಟು ಓಡಿದ್ದೀಯ! ಸಾಕು. ಮನೆಗೆ ಹೋಗೋಣ."

ಅವಳು ಕಣ್ಣು ಮುಚ್ಚಿ ನೀಳವಾಗಿ ಉಸಿರು ಬಿಟ್ಟಳು. ಮನೆಗೆ ಬಂದು ಇನ್ನೂ ಕೆಲವು ವಾರ ಇದ್ದಳು. ಬೆಕ್ಕು ಅವಳ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಒಂದು ಸಂಜೆ ಅಮ್ಮನ ತೊಡೆಯ ಮೇಲೆ ತಲೆ ಇಟ್ಟವಳು ಮತ್ತೆ ಏಳಲಿಲ್ಲ.

ಸಲೂನ್ ಮತ್ತೆ ತೆರೆಯಿತು, ಕತ್ತರಿಯ ಸದ್ದು ಮಾತ್ರ. ಗಿರಾಕಿಗಳೂ ದನಿ ತಗ್ಗಿಸಿದರು. ತಿಂಗಳುಗಳ ಮೇಲೆ ಒಂದು ದಿನ ಊಟಕ್ಕೆ ಕೂತಾಗ, ನೆಪ ಹುಡುಕ್ತಿದ್ದೀಯಾ ಎಂದು ತಾನು ಮಗಳಿಗೆ ಅಂದದ್ದನ್ನು ಹೆಂಡತಿಗೆ ಹೇಳಿದ. ಅವಳು ಬೈಯುತ್ತಾಳೆ, ಬೈದರೆ ಒಳ್ಳೆಯದು ಎಂದುಕೊಂಡಿದ್ದ.

ಅವಳು ತಟ್ಟೆಯಲ್ಲೇ ಕೈ ಬಿಟ್ಟು ಕೂತಳು. "ನೋವಿರೋದು ನಂಗೂ ಗೊತ್ತಿತ್ತು ಕಣ್ರೀ. ದಿನಾ ಮಂಡಿಗೆ ಎಣ್ಣೆ ಹಚ್ತಿದ್ದೆ. ಅಪ್ಪಂಗೆ ಹೇಳ್ಬೇಡ, ಓಟ ನಿಲ್ಲಿಸಿಬಿಡ್ತಾರೆ ಅಂತ ಗೋಗರೆದಳು. ಅವಳಿಗೆ ಓಡೋದು ಅಷ್ಟು ಇಷ್ಟ ಆಗಿತ್ತು. ನಾನೂ ಸುಮ್ಮನಾದೆ."

ಇಬ್ಬರ ಅನ್ನವೂ ತಟ್ಟೆಯಲ್ಲೇ ಆರಿತು. ಆದರೆ ಅವತ್ತು ಮೊದಲ ಸಲ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು.

ಮರುವರ್ಷ ಮೇಷ್ಟ್ರು ಒತ್ತಾಯ ಮಾಡಿ ಅವನನ್ನು ಮೈದಾನಕ್ಕೆ ಕರೆದರು. ಬೇಲಿಯ ಹತ್ತಿರ ಒಬ್ಬ ತಂದೆ ಕೂಗುತ್ತಿದ್ದ. ಅವನ ಮಗಳು ನಡುದಾರಿಯಲ್ಲಿ ಪಾದ ಹಿಡಿದುಕೊಂಡು ನಿಂತಿದ್ದಳು. ಇವನಿಗೆ ತಡೆಯಲಾಗಲಿಲ್ಲ. "ಒಮ್ಮೆ ಕೂರಿಸಿ ಕೇಳಿ ಸರ್. ಎಲ್ಲಿ ನೋವು ಅಂತ ಕೇಳಿ."

"ಈ ಮಕ್ಕಳಿಗೆ ದಿನಾ ಒಂದು ನೋವು. ನಿಮ್ಮ ಮಗು ಯಾವುದು ಇಲ್ಲಿ?"

ಇವನು ಬೇಲಿ ದಾಟಿ ಆ ಹುಡುಗಿಯ ಮುಂದೆ ಮಂಡಿಯೂರಿ ಕೂತ. ಬೂಟು ಬಿಚ್ಚಿ ನೋಡಿದರೆ ಒಳಗೊಂದು ಕಲ್ಲಿನ ಚೂರು. ಕೊಡವಿ, ದಾರ ಕಟ್ಟಿಕೊಟ್ಟ. ಅವಳು ಥ್ಯಾಂಕ್ಸ್ ಅಂಕಲ್ ಎಂದು ಓಡಿದಳು. ಅವನು ಮಾತ್ರ ಕೂತ ಜಾಗದಿಂದ ಏಳಲಾರದೆ ಅಲ್ಲೇ ಇದ್ದ. ಕೊನೆಗೆ ಮೇಷ್ಟ್ರೇ ಬಂದು ರಟ್ಟೆ ಹಿಡಿದು ಎಬ್ಬಿಸಿದರು.