ಸೂತಕದ ಮನೆ ಬಿಟ್ಟು ಪಕ್ಕದ ಮನೆ

ಶಿವಮೊಗ್ಗದಿಂದ ಹೊರಟ ಬಸ್ಸು ಸಾಗರ ಮುಟ್ಟುವಷ್ಟರಲ್ಲಿ ಮಾರ್ಚ್ ತಿಂಗಳ ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದಾಗ ಪಕ್ಕದ ಮೇಜಿನವರು ಮಂಗನ ಕಾಯಿಲೆಯ ಮಾತಾಡುತ್ತಿದ್ದರು. ಹೊಸನಗರದಾಚೆ ದರಗು ಗುಡಿಸಲು ಕಾಡಿಗೆ ಹೋದವನೊಬ್ಬ ಜ್ವರ ಬಂದು ತೀರಿಕೊಂಡನಂತೆ. ದರಗಿನಲ್ಲಿ, ಅಂದರೆ ಕಾಡಿನ ಒಣಎಲೆಯಲ್ಲಿ, ಇರುವ ಉಣುಗು ಎಂಬ ಸಣ್ಣ ಹುಳ ಕಚ್ಚಿ ಬರುವ ಜ್ವರ ಅದು. ನಾನು ಬಂದಿದ್ದೂ ಅದರ ಸಮೀಕ್ಷೆಗೇ. ಆದರೆ ನಮ್ಮ ತಂಡದವರು ಅಲ್ಲಿಯವರೆಗೆ ಕಳಿಸಿದ ವರದಿಯಲ್ಲಿ ಒಂದು ಸಾವೂ ಇರಲಿಲ್ಲ.

ಯಾವ ಮನೆಗಳಿಗೆ ಹೋಗಬೇಕೆಂದು ಆರಿಸುವುದು ನನ್ನ ಕೆಲಸ. ಎಲ್ಲ ಮನೆಯನ್ನೂ ನೋಡಲಾಗದು. ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ, ಅಲ್ಲಿ ರಕ್ತ ತೆಗೆದು, ಇಡೀ ಊರಿನ ಸ್ಥಿತಿ ಅಂದಾಜು ಮಾಡುತ್ತೇವೆ. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಚುಕಿದ ಹಾಗೆ. ಬಯಲುಸೀಮೆಗೆ ಮಾಡಿದ ನಿಯಮ ಇಲ್ಲಿ ನಡೆಯಲಿಲ್ಲ. ಇಲ್ಲಿ ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಹಳ್ಳದ ಆಚೆ. ಬೀಗ ಹಾಕಿದ ಮನೆಗೆ ಮತ್ತೆ ಮತ್ತೆ ನಡೆಸುವುದು ಬೇಡವೆಂದು, ಮನೆಯವರು ಸಿಗದಿದ್ದರೆ ಪಕ್ಕದ ಮನೆ ಹಿಡಿಯಿರಿ ಎಂದು ನಾನೇ ಸಡಿಲ ಬಿಟ್ಟಿದ್ದೆ. ಮಹಾ ಜಾಣತನ ಮಾಡಿದೆನೆಂದು ಬೀಗಿದ್ದೆ ಕೂಡ.

ಮರುದಿನ ತಂಡದ ಮುಖ್ಯಸ್ಥೆ ಸುಮಿತ್ರಾ ಜೊತೆ ಹೊಸನಗರದ ಬಸ್ಸು ಹತ್ತಿದೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ; ಇದು ಖಾಸಗಿಯಾದ್ದರಿಂದ ಅವರಿಗೂ ಟಿಕೆಟ್ ಬಿತ್ತು, "ಸರ್ಕಾರಿ ಬಸ್ಸು ಕಾಯ್ಬಹುದಿತ್ತು ಸರ್" ಎಂದು ಗೊಣಗಿದರು. ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ ಮೇಲೆ ಕೇಳಿದೆ.

"ಸಾವಾದ ಮನೆ ಒಂದೂ ಚೀಟಿಯಲ್ಲಿ ಬರಲಿಲ್ವಾ?"

"ಬಂದಿತ್ತು ಸರ್. ಬಿಟ್ವಿ."

"ಬೀಗ ಹಾಕಿತ್ತಾ?"

"ಇಲ್ಲ, ಸೂತಕ. ಆ ಮನೆಯಮ್ಮನ ಗಂಡ ಸತ್ತು ಎರಡು ದಿನ ಆಗಿರ್ಲಿಲ್ಲ. ಹೋಗಿ ತೋಳು ಕೊಡಿ, ರಕ್ತ ತಗೀತೀವಿ ಅನ್ನಕಾಗತ್ತಾ? ಪಕ್ಕದ ಮನೆ ಮಾಡಿದ್ವಿ. ನೀವೇ ಹೇಳಿದ್ರಲ್ಲ."

ಬೇರೆ ತಂಡದವರಿಗೂ ಫೋನ್ ಮಾಡಿ ಕೇಳಿದೆ. ಎಲ್ಲರೂ ಹಾಗೇ ಮಾಡಿದ್ದರು. ಮೇಲಿನ ಅಗುಳು ಹಿಚುಕಿ, ತಳ ಸೀದದ್ದನ್ನು ಮರ್ಯಾದೆಯಿಂದ ಬಿಟ್ಟುಬಂದಿದ್ದೆವು. ಸಿಟ್ಟು ನೆತ್ತಿಗೇರಿತು. ಸುಮಿತ್ರಾಗೆ ಬೈಯೋಣವೆಂದರೆ, ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹೊಸನಗರದಲ್ಲಿ ಇಳಿಯುತ್ತಲೇ, ನಾಳೆ ಆ ಬಿಟ್ಟ ಮನೆಗೇ ಹೋಗೋಣ ಎಂದೆ.

ಮೂರನೆಯ ದಿನ ತೀರ್ಥಹಳ್ಳಿ ದಾರಿಯಲ್ಲಿ ಇಳಿದು, ಆಟೋ ಹೋಗುವಷ್ಟು ದೂರ ಹೋಗಿ, ಉಳಿದದ್ದನ್ನು ನಡೆದೆವು. ಕಾಡಿನಂಚಿನ ಹೆಂಚಿನ ಮನೆ. ಅಂಗಳದ ಬೇಲಿಗೆ ಗಳು ಅಡ್ಡವಿಟ್ಟ ದಣಪೆಯ ಪಕ್ಕದಲ್ಲಿ, ಸತ್ತವನು ತಂದು ಸುರಿದಿದ್ದ ದರಗಿನ ರಾಶಿ ಹಾಗೇ ಬಿದ್ದಿತ್ತು. ಅವನ ಹೆಂಡತಿ ಗಿರಿಜಮ್ಮ ಜಗಲಿಯಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಎದ್ದರು, ಬನ್ನಿ ಎನ್ನಲಿಲ್ಲ. ಒಳಗೆ ಮಗಳು ಆಶಾ ಮಲಗಿದ್ದಳು. ಅಪ್ಪನ ಜೊತೆ ಅವಳೂ ದರಗಿಗೆ ಹೋಗುತ್ತಿದ್ದಳಂತೆ. ಕಣ್ಣು ಕೆಂಡವಾಗಿತ್ತು, ಒಸಡಿನಲ್ಲಿ ರಕ್ತ ಒಸರುತ್ತಿತ್ತು.

"ಯಾವಾಗಿಂದ ಜ್ವರ?" ಎಂದು ಸುಮಿತ್ರಾ ಕೇಳಿದರು.

"ಅವ್ರನ್ನ ಸುಟ್ಟು ಬಂದ ಮಾರನೇ ದಿನದಿಂದ. ಅತ್ತೂ ಅತ್ತೂ ಮೈ ಕಾದಿದೆ ಅಂದ್ಕಂಡ್ವಿ." ಗಿರಿಜಮ್ಮ ಸುಮಿತ್ರಾ ಕೈಯಲ್ಲಿದ್ದ ರಕ್ತದ ಪೆಟ್ಟಿಗೆಯನ್ನೇ ನೋಡುತ್ತಿದ್ದರು. "ಸೋಮವಾರ ನೀವು ಈ ಪೆಟ್ಟಿಗೆ ಹಿಡ್ಕಂಡು ದಣಪೆ ಹತ್ರ ನಿಂತಿದ್ರಲ್ಲ. ಈಗ ಬರ್ತಾರೆ, ಮಗೂನ ನೋಡ್ತಾರೆ ಅಂದ್ಕಂಡೆ. ತಲೆ ಬಗ್ಗಿಸ್ಕಂಡು ಆಚೆ ಮನೆಗೆ ಹೋದ್ರಿ."

"ಒಂದು ಕೂಗು ಹಾಕ್ಬಾರದಿತ್ತಾ ಅಮ್ಮಾ?" ಎಂದರು ಸುಮಿತ್ರಾ.

"ಸೂತಕದ ಮನೇವ್ರು ಹೆಂಗೆ ಬನ್ನಿ ಅನ್ನದು?"

ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಗಾಡಿ ಮನೆಯವರೆಗೆ ಬರಲಿಲ್ಲ; ಆಶಾಳನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ಸಾಗಿಸಬೇಕಾಯಿತು. ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಎಂದು ಹೇಳಿ ಹೋಗುವ ರೂಢಿಯಿಲ್ಲ. ದಣಪೆ ದಾಟುವಾಗ ಗಿರಿಜಮ್ಮ ನಮ್ಮನ್ನು ತಡೆದು ನಿಲ್ಲಿಸಿದರು. ಮಗಳ ಮುಖವನ್ನು ಮನೆಯ ಕಡೆ ತಿರುಗಿಸಿ, "ಬರ್ತೀನಿ ಅನ್ನು ಮಗಾ. ಒಂದ್ಸಲ ಅನ್ನು" ಎಂದರು. ಹುಡುಗಿಯ ತುಟಿ ಅಲುಗಿತು. ಏನೂ ಕೇಳಿಸಲಿಲ್ಲ.

ತೀರ್ಥಹಳ್ಳಿಯಲ್ಲಿ ನೋಡಿದ ಡಾಕ್ಟರು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ತಾಯಿ ಮಗಳ ಜೊತೆ ಸುಮಿತ್ರಾ ಹೋದರು. ನಾನು ತುಂಗೆಯ ದಡದ ಹತ್ತಿರ ರೂಮು ಹಿಡಿದು ನಿಯಮ ತಿದ್ದಿದೆ: ಆರಿಸಿದ ಮನೆ ಬಿಡುವಂತಿಲ್ಲ, ಸೂತಕವಿದ್ದರೂ ಹೋಗಿ, ಜಗಲಿಯಲ್ಲಿ ಕೂತು, ಮೊದಲು ಸತ್ತವರ ಬಗ್ಗೆ ಕೇಳಿ. ಬರೆಯಲು ಐದು ನಿಮಿಷವೂ ಬೇಕಾಗಲಿಲ್ಲ.

ಎರಡು ದಿನದ ನಂತರ ಶಿವಮೊಗ್ಗದ ಬಸ್ಸು ಹೊರಟು ಊರಿನ ಸೇತುವೆ ಹಿಂದಾಗುತ್ತಿದ್ದಾಗ ಸುಮಿತ್ರಾ ಫೋನ್ ಬಂತು. ಆಶಾ ಬೆಳಗಿನ ಜಾವ ತೀರಿಕೊಂಡಿದ್ದಳು. ಗಿರಿಜಮ್ಮನನ್ನು ನೆಂಟರು ಊರಿಗೆ ಕರೆದೊಯ್ಯುತ್ತಿದ್ದಾರಂತೆ.

"ಗಿರಿಜಮ್ಮನ ರಕ್ತ ಇನ್ನೂ ತಗಂಡಿಲ್ಲ ಸರ್," ಎಂದರು. "ಮತ್ತೆ ಸೂತಕ ಆ ಮನೇಲಿ. ಹೋಗ್ಲಾ?"

"ಹೋಗಿ," ಎಂದೆ.