ಹೊರಗೆ ಹೋದ ರಿಪೋರ್ಟು

ರಕ್ತ, ಕಫ ಪರೀಕ್ಷಿಸುವ ಕಂಪನಿಯೊಂದರಲ್ಲಿ ರೋಗಿಗಳ ಮಾಹಿತಿ ಹೊರಗೆ ಸೋರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಹೊಳಲ್ಕೆರೆ ಶಾಖೆಯಿಂದ ಒಬ್ಬ ಹೆಂಗಸಿನ ಟಿ.ಬಿ. ರಿಪೋರ್ಟಿನ ಫೋಟೊ ಅವರೂರಿನ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಆಕೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಮರುದಿನವೇ ಶಾಲೆಯವರು ಇನ್ನು ಬರಬೇಡಿ ಅಂದರಂತೆ.

ಕಂಪ್ಯೂಟರಿನಲ್ಲಿ ಆ ರಿಪೋರ್ಟು ತೆರೆದಿದ್ದವನು ಟೆಕ್ನಿಷಿಯನ್ ಮಂಜಣ್ಣ ಒಬ್ಬನೇ. ಅಲ್ಲಿಗೇ ಹೋಗಿ ಕೇಳಿದ್ದಕ್ಕೆ ತಲೆ ತಗ್ಗಿಸಿದ.

“ನಮ್ಮನೆಯವಳಿಗೆ ಮಾತ್ರ ಕಳ್ಸಿದ್ದೆ ಸರ್. ನಮ್ಮ ಮಗಳೂ ಅದೇ ಸ್ಕೂಲಲ್ಲಿ ಉಣ್ತಾಳೆ.”

ಅವನ ಕೆಲಸ ಹೋಯಿತು. ಇನ್ನು ಯಾರೂ ಲ್ಯಾಬಿನೊಳಗೆ ಮೊಬೈಲು ತರಬಾರದೆಂದು ಕಟ್ಟುನಿಟ್ಟು ಮಾಡಿ ಹೊರಬಂದೆ. ಆ ಹೆಂಗಸು ಬಾಗಿಲಲ್ಲೇ ಕಾಯುತ್ತಿದ್ದರು.

“ಇನ್ಮೇಲೆ ಯಾರ್ದೂ ಹೊರಗೆ ಹೋಗಲ್ವೇನ್ರಿ ಸರ್?”

“ಹೋಗಲ್ಲಮ್ಮ.”

“ನಂದು ವಾಪಸ್ ತರಾಕೆ ಆಗತೈತೇನ್ರಿ?”

ಸಮಾಧಾನ ಹೇಳೋಣವೆಂದು ಹತ್ತಿರ ಹೋದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗಡಿಬಿಡಿಯಿಂದ ಹಿಂದೆ ಸರಿದರು.

“ದೂರ ನಿಂತ್ಕಳ್ರಿ ಸರ್. ನಿಮ್ಮನೇಲೂ ಮಕ್ಳಿರ್ತಾವೆ.”

ಬಸ್ಸು ಚಿತ್ರದುರ್ಗ ಮುಟ್ಟುವ ಮೊದಲೇ ಹೆಡ್ ಆಫೀಸಿನಿಂದ ಮೆಸೇಜು ಬಂತು: ಇಷ್ಟು ಬೇಗ ಸೋರಿಕೆ ನಿಲ್ಲಿಸಿದ್ದಕ್ಕೆ ಅಭಿನಂದನೆ. ನಾನೂ ಮರ್ಯಾದೆಗೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ.