ಒರೆಸಿದ ಸಾಲು

ಹೊಳೆದಂಡೆಯ ಆರು ಓಣಿಗಳಲ್ಲಿ ಅವಳನ್ನು ಯಾರೂ ನರ್ಸ್ ಎನ್ನುತ್ತಿರಲಿಲ್ಲ, ಪಟ್ಟಿಯಕ್ಕ ಎನ್ನುತ್ತಿದ್ದರು. ನೆರೆ ಬಂದು ಮನೆ ಬಿಡಬೇಕಾದರೆ ಯಾರಿಗೆ ಯಾವ ಮಾತ್ರೆ ಬೇಕು, ಯಾರನ್ನು ಹೊತ್ತೊಯ್ಯಬೇಕು, ಯಾರ ಇನ್ಸುಲಿನ್‌ಗೆ ಐಸ್ ಬೇಕು ಎಂಬುದೆಲ್ಲ ಅವಳ ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮನೆಮನೆ ಸುತ್ತಿ ಬರೆಯುವಳು. ಆಮೇಲೆ ಪಟ್ಟಿ ನೋಡಿಕೊಂಡು ಐದೈದು ದಿನದ ಮಾತ್ರೆಗಳ ಪೊಟ್ಟಣ ಕಟ್ಟಿ, ನೆರೆಗೆ ಎಲ್ಲರೂ ಹೋಗಿ ಸೇರುವ ಶಾಲೆಯ ಮಹಡಿಯ ತಗಡಿನ ಪೆಟ್ಟಿಗೆಯಲ್ಲಿ ಜೋಡಿಸುವಳು.

ಬರೆಯುವುದು ಪೆನ್ಸಿಲ್ಲಿನಲ್ಲಿ. ವರ್ಷಕ್ಕೆ ನಾಲ್ಕೈದು ಜನ ತೀರಿಕೊಳ್ಳುತ್ತಿದ್ದರು. ಕೈಯಾರೆ ಮಾತ್ರೆ ಕೊಟ್ಟವರ ಹೆಸರಿನ ಮೇಲೆ ಗೀಟು ಎಳೆಯಲು ಅವಳಿಗೆ ಮನಸ್ಸು ಬಾರದು. ರಬ್ಬರಿನಿಂದ ಮೆಲ್ಲಗೆ ಒರೆಸುವಳು, ಮಗುವಿನ ಮುಖ ಒರೆಸಿದ ಹಾಗೆ.

"ಬಂದ್ಲು ನೋಡು, ಬಿ.ಪಿ. ಇಲ್ದೋರ್ಗೂ ಬಿ.ಪಿ. ತರಿಸೋಳು," ಎಂದು ಮುದುಕ ಬಡಗಿ ರೇಗಿಸುತ್ತಿದ್ದ.

"ನಿಮ್ದು ನಾನು ತರಿಸಿದ್ದಲ್ಲ ಮಾವ, ನಿಮ್ಮ ನಾಲಿಗೆ ತರಿಸಿದ್ದು."

ಆ ವರ್ಷ ಐದನೇ ಓಣಿಯ ಹೊಲಿಗೆ ಹುಡುಗಿಗೆ ಮದುವೆ ಗೊತ್ತಾಗಿತ್ತು. ಪಟ್ಟಿಯಕ್ಕ ಎಂದಿನಂತೆ ಅವಳ ಹೆಸರಿನ ಮುಂದೆ ಮೂರ್ಛೆರೋಗ, ದಿನಕ್ಕೆರಡು ಮಾತ್ರೆ ಎಂದು ಬರೆದಳು. ಹುಡುಗಿಯ ತಾಯಿ ಅವಳ ಕೈ ಹಿಡಿದುಕೊಂಡಳು.

"ಅಕ್ಕಾ, ಇದೊಂದು ಬೇಡ. ಈ ಬುಕ್ಕು ಹತ್ತು ಜನರ ಕೈಗೆ ಹೋಗುತ್ತೆ. ಗಂಡಿನ ಕಡೆಯವ್ರು ಇಲ್ಲೇ ಆರನೇ ಓಣೀಲಿದಾರೆ."

"ನೀರು ಬಂದ್ರೆ ಏನ್ಮಾಡ್ತೀಯ ತಂಗಿ?"

"ನಾನೇ ಸೊಂಟಕ್ಕೆ ಕಟ್ಕೊಂಡು ಬರ್ತೀನಿ. ನಿಮಗೂ ಒಂದು ಹೆಣ್ಮಗು ಇದ್ದಿದ್ರೆ ಗೊತ್ತಾಗ್ತಿತ್ತು."

ಮಕ್ಕಳಿಲ್ಲದ ಪಟ್ಟಿಯಕ್ಕನಿಗೆ ಆ ಮಾತು ಚುಚ್ಚಿತು. ರಬ್ಬರ್ ತೆಗೆದು ಒರೆಸಿಬಿಟ್ಟಳು. ಸಾಲಿಲ್ಲದ ಮೇಲೆ ಪೊಟ್ಟಣವೂ ಇಲ್ಲ. ಹೆಸರು ಬರೆಯದೆ ಒಂದು ಪೊಟ್ಟಣ ಕಟ್ಟಿಡಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಪಟ್ಟಿಯಲ್ಲಿದ್ದದ್ದು ಪೆಟ್ಟಿಗೆಗೆ, ಇಪ್ಪತ್ತು ವರ್ಷ ಅವಳ ಕೈ ಕಲಿತದ್ದು ಅಷ್ಟೇ.

ನೀರು ಬಂದದ್ದು ನಡುಹಗಲಲ್ಲಿ. ತಾಯಿ ಪೇಟೆಯಲ್ಲಿದ್ದಳು, ಅಲ್ಲಿಂದಲೇ ಶಾಲೆಗೆ ಓಡಿದಳು. ಹುಡುಗಿ ಪಕ್ಕದ ಮನೆಯ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು, ಮೊಣಕಾಲುದ್ದ ನೀರಲ್ಲಿ ನಡೆದು ಬಂದಳು. ಮಾತ್ರೆಗಳು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರದುಂಡೆಗಳ ಕೆಳಗೆ ಉಳಿದವು.

ಸಂಜೆ ಪಟ್ಟಿಯಕ್ಕ ಪೊಟ್ಟಣ ಹಂಚಿದಳು. ಪಟ್ಟಿಯಲ್ಲಿದ್ದ ಯಾರಿಗೂ ತಪ್ಪಲಿಲ್ಲ. ಎಲ್ಲರೂ ಹೋದ ಮೇಲೆ ತಾಯಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಒಂದಾದ್ರೂ ಇದೆಯಾ ಅಕ್ಕಾ?"

ಇಲ್ಲವೆಂದು ಗೊತ್ತಿದ್ದೂ ಪಟ್ಟಿಯಕ್ಕ ಪೆಟ್ಟಿಗೆಯ ತಳದಲ್ಲಿ ಎರಡು ಸಲ ಕೈಯಾಡಿಸಿದಳು. ಫೋನುಗಳು ಸತ್ತಿದ್ದವು. ದೋಣಿ ಮರುದಿನವೂ ಬರಲಿಲ್ಲ. ಅವಳು ಹುಡುಗಿಯನ್ನು ಕಿಟಕಿಯಿಂದ ದೂರ ಮಲಗಿಸಿದಳು, ನಿದ್ದೆಗೆಟ್ಟರೆ ಮೂರ್ಛೆ ಬಂದೀತು ಎಂದು ಕಿವಿಯಲ್ಲಿ ಹೇಳಿದಳು. ಮುನ್ನೂರು ಜನ, ಅಳುವ ಕೂಸುಗಳು. ನಿದ್ದೆ ಎಲ್ಲಿಂದ ಬರಬೇಕು?

ಮೂರನೇ ದಿನ ಬೆಳಿಗ್ಗೆ ಹುಡುಗಿ ತನ್ನ ಅತ್ತೆಯಾಗಲಿರುವವಳ ಹರಿದ ರವಿಕೆಗೆ ಹೊಲಿಗೆ ಹಾಕುತ್ತಿದ್ದಳು. "ನಮ್ಮನೆಗೆ ಬರೋ ಮೊದ್ಲೇ ಕೆಲಸ ಶುರು ಮಾಡಿದ್ಲು ನೋಡಿ," ಎಂದು ಆಕೆ ನಗುತ್ತಿದ್ದಂತೆ ಸೂಜಿ ನೆಲಕ್ಕೆ ಬಿತ್ತು. ಹಿಂದೆಯೇ ಹುಡುಗಿಯೂ ಬಿದ್ದಳು.

ಪಟ್ಟಿಯಕ್ಕ ಅವಳನ್ನು ಮಗ್ಗುಲಿಗೆ ಹೊರಳಿಸಿದಳು. ತಲೆಯ ಕೆಳಗೆ ಬಟ್ಟೆ ಮಡಚಿಟ್ಟಳು. ಬಾಯಿಗೆ ಚಮಚ ತುರುಕಲು ಬಂದವನ ಕೈ ತಳ್ಳಿ, ಗಡಿಯಾರ ನೋಡಿದಳು. ಐದು ನಿಮಿಷವಾಯಿತು, ಹತ್ತಾಯಿತು. ಆ ಎಳೆಯ ಮೈ ಸೆಟೆಯುತ್ತಲೇ ಇತ್ತು. ಔಷಧದ ದೋಣಿ ಬಂದು ಡಾಕ್ಟರು ಮೆಟ್ಟಿಲು ಹತ್ತುವಾಗ ನಲವತ್ತು ನಿಮಿಷ ಕಳೆದಿತ್ತು.

"ಮುಂಚೆ ಹೀಗಾಗಿತ್ತಾ?"

ತಾಯಿ ರವಿಕೆ ಹಿಡಿದು ನಿಂತಿದ್ದ ಬೀಗಿತ್ತಿಯ ಮುಖ ನೋಡಿದಳು. "ಇಲ್ಲ ಸಾರ್. ಇದೇ ಮೊದಲು."

"ಆಗಿತ್ತು ಸಾರ್," ಎಂದಳು ಪಟ್ಟಿಯಕ್ಕ. "ನಾಲ್ಕು ವರ್ಷದಿಂದ ಇದೆ. ಮಾತ್ರೆ ತಪ್ಪಿ ಮೂರನೇ ದಿನ. ನನಗೆ ಗೊತ್ತಿತ್ತು."

ಮಾತ್ರೆಯ ಹೆಸರನ್ನೂ ಹೇಳಿದಳು. ಡಾಕ್ಟರು ಸೂಜಿ ಚುಚ್ಚಿದ ಕೂಡಲೇ ಹುಡುಗಿಯನ್ನು ದೋಣಿಗೆ ಇಳಿಸಿದರು. ತಾಯಿ ಹಿಂದೆ ಹೋಗುವಾಗ ಒಮ್ಮೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿ ಉಳಿದಳು. ಬಲಗೈ ಮಾತ್ರ ಸೂಜಿ ಹಿಡಿಯುವಷ್ಟು ಸ್ವಾಧೀನಕ್ಕೆ ಬರಲಿಲ್ಲ. ಮದುವೆ ಮುರಿಯಿತು. ಹೊಲಿಗೆ ಯಂತ್ರ ಯಾರದೋ ಮನೆ ಸೇರಿತು.

ಮುಂದಿನ ವರ್ಷ ಪಟ್ಟಿಯಕ್ಕ ಐದನೇ ಓಣಿಗೆ ಬಂದಾಗ ಆ ಮನೆಯ ಬಾಗಿಲು ಹಾಕಿತ್ತು. ಬಡಿಯಲು ಧೈರ್ಯ ಸಾಲದೆ ಜಗಲಿಯ ಮೇಲೆ ನಿಂತಳು. ನೋಟ್‌ಬುಕ್ಕಿನಲ್ಲಿ ಒರೆಸಿದ ಜಾಗ ಮಾಸಿದ್ದರೂ ಪೆನ್ಸಿಲ್ ಒತ್ತಿದ ಗುರುತು ಬೆರಳಿಗೆ ಸಿಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕಿಟಕಿ ಬೆರಳಗಲ ತೆರೆಯಿತು. ಸರಳುಗಳ ನಡುವಿಂದ ಒಂದು ಕೈ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಹೊರಗೆ ಚಾಚಿತು.

ಪಟ್ಟಿಯಕ್ಕ ಅದನ್ನು ಬೆಳಕಿಗೆ ಹಿಡಿದು ಮಾತ್ರೆಯ ಹೆಸರು ಓದಿ, ಹಳೆಯ ಗುರುತಿನ ಮೇಲೆಯೇ ಬರೆದಳು. ಈ ಸಲ ಪೆನ್ನಿನಲ್ಲಿ.

"ಬರ್ಕೊಂಡ್ರಾ?" ಒಳಗಿನ ದನಿ ಕೇಳಿತು.

"ಬರ್ಕೊಂಡೆ ತಂಗಿ."

ಕಿಟಕಿ ಮುಚ್ಚಿತು.